ಅಪ್‌ಡೇಟ್: ಹೋಸ್ಟ್‌ನಿಂದ ವಿಎಂಗೆ ಪಿಂಗ್ ಹೋಗ್ತಿರಲಿಲ್ಲ, ಈಗ ಸರಿಹೋಯ್ತು

ಮೊದಲು ಕೇಳಿದ್ದು ಇಷ್ಟೇ: ವಿಂಡೋಸ್ (ಹೋಸ್ಟ್, ಅಂದರೆ ನಿಜವಾದ ಕಂಪ್ಯೂಟರ್) ಮೇಲೆ ವರ್ಚುವಲ್‌ಬಾಕ್ಸ್, ಅದರೊಳಗೆ ವಿಎಂ (ವರ್ಚುವಲ್ ಮೆಷಿನ್, ಸಾಫ್ಟ್‌ವೇರ್ ಒಳಗೇ ಓಡುವ ಕಂಪ್ಯೂಟರ್) ಆಗಿ ಉಬುಂಟು ಸರ್ವರ್. ವಿಎಂ ಒಳಗಿಂದ ಇಂಟರ್ನೆಟ್ ಬರುತ್ತದೆ, ಆದರೆ ಹೋಸ್ಟ್‌ನಿಂದ ಪಿಂಗ್ (ತಲುಪುತ್ತದಾ ಅಂತ ನೋಡುವ ಚಿಕ್ಕ ಸಂದೇಶ) ಮಾಡಿದರೆ ಉತ್ತರವೇ ಇಲ್ಲ.

ನೆಟ್‌ವರ್ಕ್ ಮೋಡ್‌ನದ್ದೇ ಸಮಸ್ಯೆ ಅಂತ ನೀವು ಉತ್ತರದಲ್ಲಿ ಹೇಳಿದ್ದೇ ಸರಿ. ವಿಎಂ ಐಪಿ 10.0.2.15 ಅಂತ ಇತ್ತು, ಅಂದರೆ ನ್ಯಾಟ್ ಮೋಡ್ (ವಿಎಂ ಹೋಸ್ಟ್‌ನ ವಿಳಾಸದ ಹಿಂದೆ ಅಡಗಿ ಹೊರಗೆ ಹೋಗುವ ರೀತಿ). ಅದರಲ್ಲಿ ವಿಎಂ ಹೊರಗೆ ಹೋಗಬಹುದು, ಹೊರಗಿನವರು ಪೋರ್ಟ್ ಫಾರ್ವರ್ಡಿಂಗ್ (ಹೋಸ್ಟ್‌ನ ಒಂದು ಪೋರ್ಟ್‌ಗೆ ಬಂದದ್ದನ್ನು ವಿಎಂಗೆ ದಾಟಿಸುವ ಸೆಟ್ಟಿಂಗ್) ಇಲ್ಲದೆ ಒಳಗೆ ಬರೋಕಾಗಲ್ಲ. ನಾನು ಎರಡು ದಿನ ಸುಮ್ನೆ ಆ ವಿಳಾಸಕ್ಕೇ ಪಿಂಗ್ ಮಾಡುತ್ತಾ ಕೂತಿದ್ದೆ!

ನ್ಯಾಟ್ ಹಾಗೇ ಬಿಟ್ಟು, ವಿಎಂ ಆಫ್ ಮಾಡಿ, ಅಡಾಪ್ಟರ್ 2ರಲ್ಲಿ (ವಿಎಂನ ಎರಡನೇ ನೆಟ್‌ವರ್ಕ್ ಕಾರ್ಡ್) ಹೋಸ್ಟ್-ಓನ್ಲಿ, ಅಂದರೆ ಹೋಸ್ಟ್ ಮತ್ತು ವಿಎಂಗಳ ನಡುವೆ ಮಾತ್ರ ಇರುವ ನೆಟ್‌ವರ್ಕ್, ಹಾಕಿದೆ. ಆದರೂ ಐಪಿ ಬರಲಿಲ್ಲ. ನೋಡಿದರೆ ಎರಡನೇ ಕಾರ್ಡ್ ಡೌನ್ ಅಂತಲೇ ತೋರಿಸುತ್ತಿತ್ತು, ಯಾಕಂದರೆ ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್) ಫೈಲ್‌ನಲ್ಲಿ ಮೊದಲ ಕಾರ್ಡಿನ ಹೆಸರು ಮಾತ್ರ ಇತ್ತು. ಎರಡನೆಯದಕ್ಕೂ ಡಿಎಚ್‌ಸಿಪಿ (ಐಪಿ ತಾನಾಗಿ ಪಡೆಯುವ ವ್ಯವಸ್ಥೆ) ಸೇರಿಸಿ ಅಪ್ಲೈ ಮಾಡಿದ ತಕ್ಷಣ 192.168.56.101 ಬಂತು, ಪಿಂಗ್ ಹೋಯಿತು, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಕೂಡ ಆಯಿತು.

ಉಲ್ಟಾ ಕಡೆಯಿಂದ, ಅಂದರೆ ವಿಎಂನಿಂದ 192.168.56.1ಗೆ (ಅದೇ ನೆಟ್‌ವರ್ಕ್‌ನಲ್ಲಿ ಹೋಸ್ಟ್‌ನ ವಿಳಾಸ), ಆಗಲೂ ಪಿಂಗ್ ಇಲ್ಲ. ಅದು ವಿಂಡೋಸ್ ಫೈರ್‌ವಾಲ್ ಕೆಲಸ. ಫೈರ್‌ವಾಲನ್ನೇ ಆಫ್ ಮಾಡುವ ಸಲಹೆ ನನಗೆ ಹಿಡಿಸಲಿಲ್ಲ. ಐಸಿಎಂಪಿ ಎಕೋ (ಪಿಂಗ್ ಸಂದೇಶ) ಒಳಬರಲು ಬಿಡುವ ರೂಲ್ ಒಂದನ್ನೇ ಆನ್ ಮಾಡಿದೆ, ಸಾಕಾಯಿತು.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಪಿಂಗ್ ಆದರೂ ಬ್ರೌಸರ್‌ನಲ್ಲಿ ಪೋರ್ಟ್ 8000 ತೆರೆಯಲಿಲ್ಲ. ವಿಎಂ ಒಳಗಿನ ನನ್ನ ಆ್ಯಪ್ 127.0.0.1ರಲ್ಲಿ (ಆ ಯಂತ್ರದ ಒಳಗೆ ಮಾತ್ರ ಸಿಗುವ ವಿಳಾಸ) ಮಾತ್ರ ಕಿವಿಗೊಟ್ಟು ಕೂತಿತ್ತು, ಅಲ್ಲಿಗೆ ಹೊರಗಿನ ದನಿ ಹೇಗೆ ಕೇಳಿಸಬೇಕು, ಅಲ್ವಾ? 0.0.0.0 (ಅಂದರೆ ಯಂತ್ರದ ಎಲ್ಲ ವಿಳಾಸಗಳಲ್ಲೂ ಕೇಳು) ಕೊಟ್ಟು ಮತ್ತೆ ಶುರು ಮಾಡಿದೆ, ಪುಟ ಬಂತು.

ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಬ್ರಿಡ್ಜ್ ಮೋಡ್ (ವಿಎಂ ಹೋಸ್ಟ್ ಇರುವ ನೆಟ್‌ವರ್ಕ್‌ಗೇ ನೇರವಾಗಿ ಸೇರುವ ರೀತಿ) ಸದ್ಯಕ್ಕೆ ಬೇಕಾಗಿಲ್ಲ.