20 ವಿಎಂ, ಒಂದೇ ಶೇರ್ಡ್ ಸ್ಟೋರೇಜ್: ನಿಧಾನ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ಹೇಗೆ?

ಪ್ರಶ್ನೆ:

ನಮ್ಮಲ್ಲಿ 3 ಹೋಸ್ಟ್‌ಗಳ (ವಿಎಂ ನಡೆಸುವ ಸರ್ವರ್‌ಗಳ) ಸಣ್ಣ ಕ್ಲಸ್ಟರ್ ಇದೆ. ಅದರ ಮೇಲೆ ಸುಮಾರು 20 ವಿಎಂ (ಸಾಫ್ಟ್‌ವೇರ್‌ನಲ್ಲಿ ನಡೆಯುವ ವರ್ಚುವಲ್ ಕಂಪ್ಯೂಟರ್) ಓಡುತ್ತಿವೆ. ಎಲ್ಲದರ ಡಿಸ್ಕ್ ಇಮೇಜ್ ಇರುವುದು ಒಂದೇ ನ್ಯಾಸ್ (ನೆಟ್‌ವರ್ಕ್‌ಗೆ ಜೋಡಿಸಿದ ಸ್ಟೋರೇಜ್ ಪೆಟ್ಟಿಗೆ) ಮೇಲೆ, ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ಪ್ರೋಟೊಕಾಲ್) ಮೂಲಕ. ನ್ಯಾಸ್‌ನಲ್ಲಿ 7200 ಆರ್‌ಪಿಎಂನ (ನಿಮಿಷಕ್ಕೆ 7200 ಸುತ್ತು) 8 ಹಾರ್ಡ್ ಡಿಸ್ಕ್, ರೇಡ್ 6 (ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ). ಎರಡು ಗಿಗಾಬಿಟ್ ಪೋರ್ಟ್ ಸೇರಿಸಿ ಬಾಂಡ್ ಮಾಡಿದ್ದೇವೆ. ಕೆಲವು ತಿಂಗಳಿಂದ ಬೆಳಿಗ್ಗೆ ಹೊತ್ತು ಎಲ್ಲ ವಿಎಂಗಳೂ ತೆವಳುತ್ತವೆ, ಮಧ್ಯಾಹ್ನಕ್ಕೆ ಸರಿ ಹೋಗುತ್ತವೆ. ಡಿಡಿ (ಡೇಟಾ ನಕಲಿಸುವ ಕಮಾಂಡ್) ಹಾಕಿ ನೋಡಿದರೆ ಸೆಕೆಂಡಿಗೆ 110 ಎಂಬಿ ಬರುತ್ತದೆ. ನ್ಯಾಸ್‌ನ ಸಿಪಿಯು 10% ದಾಟುವುದಿಲ್ಲ. ನೆಟ್‌ವರ್ಕ್ ಸಾಲುತ್ತಿಲ್ಲ, 10 ಗಿಗಾಬಿಟ್ ಸ್ವಿಚ್ ತರಿಸೋಣ ಅಂತ ನಮ್ಮ ತಂಡದಲ್ಲಿ ಮಾತು. ಹಣ ಹಾಕುವ ಮೊದಲು ಏನು ನೋಡಬೇಕು? ಅನುಭವ ಇದ್ದವರು ಹೇಳಿ.

ಉತ್ತರ 1:

ಸ್ವಿಚ್ ಆರ್ಡರ್ ಮಾಡುವ ಮೊದಲು ಸ್ವಲ್ಪ ತಡೆಯಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆದೀತು.

ಮೊದಲು ಆ 110 ಎಂಬಿ ವಿಷಯ. ಒಂದು ಗಿಗಾಬಿಟ್ ಲಿಂಕ್‌ನಲ್ಲಿ ಲೆಕ್ಕದ ಪ್ರಕಾರ ಸಿಗುವುದೇ 125 ಎಂಬಿ. ಪ್ರೋಟೊಕಾಲ್‌ನ ಖರ್ಚು ಕಳೆದರೆ 110ರಿಂದ 117. ಅಂದರೆ ನಿಮ್ಮ ಡಿಡಿ ಅಳೆದದ್ದು ಕೇಬಲ್ಲನ್ನು, ಡಿಸ್ಕನ್ನಲ್ಲ. ಅದೂ ದೊಡ್ಡ ದೊಡ್ಡ ತುಂಡುಗಳನ್ನು ಸಾಲಾಗಿ ಬರೆಯುವಾಗ. 20 ವಿಎಂ ಸೇರಿ ಹಾಗೆ ಬರೆಯುವುದೇ ಇಲ್ಲ. ಒಂದು ಇಲ್ಲಿ 4 ಕೆಬಿ, ಇನ್ನೊಂದು ಅಲ್ಲಿ 8 ಕೆಬಿ. ಡಿಸ್ಕ್ ಕಡೆಯಿಂದ ನೋಡಿದರೆ ಎಲ್ಲವೂ ಚದುರಿದ ಜಾಗಕ್ಕೆ, ಅಂದರೆ ರ‍್ಯಾಂಡಮ್.

ಈಗ ರ‍್ಯಾಂಡಮ್ ಲೆಕ್ಕ ಹಾಕೋಣ. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ತಿರುಗಲು 8.3 ಮಿಲಿಸೆಕೆಂಡ್ ಬೇಕು. ಹೆಡ್ ಸರಿಯುವ ಸಮಯವೂ ಸೇರಿದರೆ ಒಂದು ಡಿಸ್ಕಿಗೆ ಸೆಕೆಂಡಿಗೆ 80ರ ಆಸುಪಾಸು ಐಒ (ಒಂದು ಓದುವ ಅಥವಾ ಬರೆಯುವ ಕೆಲಸ). 8 ಡಿಸ್ಕಿಗೆ 640. ಇದು ಓದುವುದಕ್ಕೆ. ರೇಡ್ 6ನಲ್ಲಿ ಒಂದು ಸಣ್ಣ ರೈಟ್ ಆಗಬೇಕಾದರೆ ಹಳೆಯ ಡೇಟಾ ಮತ್ತು ಎರಡು ಪ್ಯಾರಿಟಿ (ಕಳೆದ ಡೇಟಾ ಮರಳಿ ಪಡೆಯಲು ಇಟ್ಟ ಲೆಕ್ಕ) ಓದಿ, ಮತ್ತೆ ಮೂರನ್ನೂ ಬರೆಯಬೇಕು. ಒಂದು ರೈಟ್‌ಗೆ 6 ಐಒ. 640ನ್ನು 6ರಿಂದ ಭಾಗಿಸಿ: ಸುಮಾರು 106. ಅಷ್ಟನ್ನು 20 ವಿಎಂ ಹಂಚಿಕೊಳ್ಳಬೇಕು, ತಲಾ 5! ಕ್ಯಾಶ್ (ಮಧ್ಯದ ವೇಗದ ಮೆಮೊರಿ) ಇದ್ದರೆ ರೈಟ್‌ಗಳನ್ನು ಒಟ್ಟುಗೂಡಿಸಿ ಇದಕ್ಕಿಂತ ಚೆನ್ನಾಗಿ ನಡೆಸುತ್ತದೆ, ನಿಜ. ಆದರೆ ಕ್ಯಾಶ್ ತುಂಬಿದ ಮೇಲೆ ಈ ಸಂಖ್ಯೆಗೇ ಬಂದು ನಿಲ್ಲುತ್ತದೆ.

ಹಾಗಾಗಿ ಎಂಬಿ ನೋಡುವುದನ್ನು ಬಿಟ್ಟು ಲೇಟೆನ್ಸಿ (ಒಂದು ಕೋರಿಕೆಗೆ ಉತ್ತರ ಬರಲು ಹಿಡಿಯುವ ಸಮಯ) ನೋಡಿ. ನ್ಯಾಸ್‌ಗೆ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಓಡಿಸುವ ದಾರಿ) ಇದ್ದರೆ ಐಒಸ್ಟ್ಯಾಟ್ (ಡಿಸ್ಕ್ ಕೆಲಸ ಅಳೆಯುವ ಕಮಾಂಡ್) ಅನ್ನು ಎಕ್ಸ್ ಆಯ್ಕೆ ಕೊಟ್ಟು 5 ಸೆಕೆಂಡಿಗೊಮ್ಮೆ ಓಡಿಸಿ, ಬೆಳಿಗ್ಗೆ ಪೂರ್ತಿ ಫೈಲಿಗೆ ಬರೆದಿಡಿ. ರೀಡ್ ಅವೇಟ್, ರೈಟ್ ಅವೇಟ್ (ಓದು, ಬರೆಹ ಮುಗಿಯಲು ಹಿಡಿದ ಸಮಯ), ಕ್ಯೂ ಉದ್ದ, ಈ ಮೂರು ಕಾಲಂ ಸಾಕು. ಯುಟಿಲ್ (ಡಿಸ್ಕ್ ಎಷ್ಟು ಹೊತ್ತು ಕೆಲಸದಲ್ಲಿತ್ತು ಅನ್ನುವುದು) 100% ಅಂತ ಕಂಡ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಹಾರ್ಡ್ ಡಿಸ್ಕಿಗೆ ಅದು ಅರ್ಥ ಕೊಡುತ್ತದೆ. ಎಸ್‌ಎಸ್‌ಡಿ ಒಂದೇ ಸಲ ಹಲವು ಕೆಲಸ ಮಾಡುವುದರಿಂದ ಅಲ್ಲಿ 100% ಅಂದರೆ ತುಂಬಿದೆ ಅಂತಲ್ಲ.

ಆಮೇಲೆ ಹೋಸ್ಟ್ ಮೇಲೆ ಎನ್‌ಎಫ್‌ಎಸ್‌ಐಒಸ್ಟ್ಯಾಟ್. ಅದರಲ್ಲಿ ಎರಡು ಸಮಯ ತೋರಿಸುತ್ತದೆ. ಆರ್‌ಟಿಟಿ ಅಂದರೆ ಕೋರಿಕೆ ಹೋಸ್ಟ್ ಬಿಟ್ಟು ಹೋಗಿ ಉತ್ತರ ಬರುವವರೆಗೆ. ಎಕ್ಸಿ ಅಂದರೆ ಕೋರಿಕೆ ಹುಟ್ಟಿದಾಗಿನಿಂದ ಮುಗಿಯುವವರೆಗೆ. ಎರಡೂ ಹತ್ತಿರ ಇದ್ದು ಜಾಸ್ತಿ ಇದ್ದರೆ ತೊಂದರೆ ನೆಟ್‌ವರ್ಕ್ ಅಥವಾ ನ್ಯಾಸ್ ಕಡೆ. ಆರ್‌ಟಿಟಿ ಕಡಿಮೆ, ಎಕ್ಸಿ ಮಾತ್ರ ಜಾಸ್ತಿ ಅಂದರೆ ಹೋಸ್ಟ್‌ನಲ್ಲೇ ಕ್ಯೂ ನಿಂತಿದೆ. ಈ ಒಂದು ವ್ಯತ್ಯಾಸ ನೋಡಿದರೆ ಅರ್ಧ ವಾದ ಮುಗಿಯುತ್ತದೆ.

ಕೊನೆಗೆ ಫಿಯೋ (ಡಿಸ್ಕ್ ವೇಗ ಪರೀಕ್ಷಿಸುವ ಸಾಧನ). 4 ಕೆಬಿ ಬ್ಲಾಕ್, ರ‍್ಯಾಂಡಮ್ ರೈಟ್, ಐಒ ಡೆಪ್ತ್ 1, ಪ್ರತಿ ರೈಟ್‌ಗೂ ಎಫ್‌ಸಿಂಕ್ (ಡೇಟಾ ನಿಜವಾಗಿ ಡಿಸ್ಕಿಗೆ ಬೀಳುವವರೆಗೆ ಕಾಯುವುದು). ಇದೇ ಪರೀಕ್ಷೆಯನ್ನು ನ್ಯಾಸ್ ಒಳಗೆ, ಹೋಸ್ಟ್‌ನಲ್ಲಿ, ಒಂದು ವಿಎಂ ಒಳಗೆ, ಹೀಗೆ ಮೂರು ಕಡೆ ಮಾಡಿ. ಸಂಖ್ಯೆ ಎಲ್ಲಿ ಜಿಗಿಯುತ್ತದೋ ಕಾಯಿಲೆ ಅಲ್ಲಿದೆ. ಐಒ ಡೆಪ್ತ್ 1 ಯಾಕೆ ಅಂದರೆ ಡೇಟಾಬೇಸ್ ಕಮಿಟ್ (ಬದಲಾವಣೆ ಕಾಯಂ ಮಾಡುವುದು) ನಡೆಯುವುದೇ ಹಾಗೆ: ಒಂದು ಮುಗಿದ ಮೇಲೆ ಇನ್ನೊಂದು. ಲೇಟೆನ್ಸಿ 10 ಮಿಲಿಸೆಕೆಂಡ್ ಇದ್ದರೆ ಸೆಕೆಂಡಿಗೆ 100 ಕಮಿಟ್, 50 ಆದರೆ ಬರೀ 20. ಬಳಸುವವರಿಗೆ ತೆವಳಿದಂತೆ ಕಾಣುವುದು ಇದೇ. ದಟ್ಟಣೆಯ ಹೊತ್ತಲ್ಲಿ ಮಾತ್ರ ಫಿಯೋ ಓಡಿಸಬೇಡಿ, ಇರುವ ಉಸಿರೂ ನಿಲ್ಲುತ್ತದೆ.

ಉತ್ತರ 2:

ನೆಟ್‌ವರ್ಕನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡಬೇಡಿ. ಸಾಲುತ್ತಿಲ್ಲ ಅನ್ನುವುದು ಬೇರೆ, ಕೆಟ್ಟಿದೆ ಅನ್ನುವುದು ಬೇರೆ. ಪೋರ್ಟ್ 100 ಮೆಗಾಬಿಟ್‌ಗೆ ಇಳಿದು ಕೂತಿದ್ದು, ಯಾರಿಗೂ ಗೊತ್ತಿಲ್ಲದೆ ಹಾಗೇ ನಡೆಯುತ್ತಿದ್ದುದನ್ನು ನೋಡಿದ್ದೇನೆ. ಸ್ವಿಚ್‌ನಲ್ಲಿ ಸಿಆರ್‌ಸಿ ಎರರ್ (ಕೆಟ್ಟು ಬಂದ ಪ್ಯಾಕೆಟ್) ಮತ್ತು ಡ್ರಾಪ್ ಎಣಿಕೆ ಏರುತ್ತಿದೆಯಾ ನೋಡಿ. ಹೋಸ್ಟ್‌ನಲ್ಲಿ ಟಿಸಿಪಿ ರೀಟ್ರಾನ್ಸ್‌ಮಿಟ್ (ಮತ್ತೆ ಕಳಿಸಿದ ಪ್ಯಾಕೆಟ್) ನೋಡಿ. ಜಂಬೋ ಫ್ರೇಮ್ (9000 ಬೈಟ್‌ನ ದೊಡ್ಡ ಪ್ಯಾಕೆಟ್) ಹಾಕಿದ್ದರೆ ಫ್ರಾಗ್‌ಮೆಂಟ್ ಆಗಬಾರದು ಅಂತ ಹೇಳಿ 8972 ಬೈಟ್‌ನ ಪಿಂಗ್ ಕಳಿಸಿ. ದಾರಿಯಲ್ಲಿ ಒಂದೇ ಒಂದು ಪೋರ್ಟ್ 1500ರಲ್ಲಿ ಇದ್ದರೂ ಅದು ಹೋಗುವುದಿಲ್ಲ. ಸಣ್ಣ ಪ್ಯಾಕೆಟ್ ಹೋಗುತ್ತದೆ, ದೊಡ್ಡದು ಬಿದ್ದುಹೋಗುತ್ತದೆ. ಆಗ ಕಾಣುವ ಲಕ್ಷಣಗಳು ತಲೆ ಕೆಡಿಸುತ್ತವೆ.

ಬಾಂಡ್ ಬಗ್ಗೆ ಒಂದು ಮಾತು. ಒಂದು ಟಿಸಿಪಿ ಕನೆಕ್ಷನ್ ಒಂದೇ ಕೇಬಲ್ ಮೇಲೆ ಹೋಗುತ್ತದೆ. 3 ಹೋಸ್ಟ್‌ಗಳ 3 ಕನೆಕ್ಷನ್ ಹ್ಯಾಶ್ (ಯಾವ ಕೇಬಲ್ ಅಂತ ಆರಿಸುವ ಲೆಕ್ಕ) ಆಗಿ ಒಂದೇ ಪೋರ್ಟಿಗೆ ಬೀಳಬಹುದು, ಇನ್ನೊಂದು ಖಾಲಿ ಕೂತಿರುತ್ತದೆ. ಲಿನಕ್ಸ್ 5.3ರಿಂದ ಎನ್‌ಎಫ್‌ಎಸ್ ಮೌಂಟ್‌ಗೆ ಎನ್‌ಕನೆಕ್ಟ್ ಆಯ್ಕೆ ಇದೆ. ಒಂದೇ ಮೌಂಟ್‌ಗೆ ಹಲವು ಕನೆಕ್ಷನ್ ತೆರೆಯುತ್ತದೆ. ಹ್ಯಾಶ್‌ಗೆ ಟಿಸಿಪಿ ಪೋರ್ಟ್ ಸಂಖ್ಯೆಯನ್ನೂ ಸೇರಿಸಿದ್ದರೆ ಮಾತ್ರ ಅದರಿಂದ ಲಾಭ.

ಉತ್ತರ 3:

ಇಎಸ್‌ಎಕ್ಸ್‌ಐ (ವಿಎಂ ನಡೆಸುವ ವಿಎಂವೇರ್ ಸಾಫ್ಟ್‌ವೇರ್) ಬಳಸುವವರಿಗೆ ಚಿಕ್ಕದಾಗಿ. ಅದರ ಅಳೆಯುವ ಸಾಧನ ಇಎಸ್‌ಎಕ್ಸ್‌ಟಾಪ್‌ನಲ್ಲಿ ಡಿಎವಿಜಿ ಅಂದರೆ ಸ್ಟೋರೇಜ್ ಕಡೆಯ ಸಮಯ, ಕೆಎವಿಜಿ ಅಂದರೆ ಕರ್ನಲ್‌ನಲ್ಲಿ ಕಾದ ಸಮಯ, ಎರಡೂ ಸೇರಿ ಜಿಎವಿಜಿ. ಡಿಎವಿಜಿ 20–25 ಮಿಲಿಸೆಕೆಂಡ್ ದಾಟಿ ಅಲ್ಲೇ ನಿಂತರೆ ಸ್ಟೋರೇಜ್ ನೋಡಿ. ಕೆಎವಿಜಿ 2 ದಾಟಿದರೆ ಹೋಸ್ಟ್‌ನ ಕ್ಯೂ ನೋಡಿ. ಎನ್‌ಎಫ್‌ಎಸ್ ಡೇಟಾಸ್ಟೋರ್‌ಗೆ ಜಿಎವಿಜಿ ಮಾತ್ರ ಸಿಗುತ್ತದೆ. ವಿಂಡೋಸ್ ವಿಎಂ ಒಳಗೆ ಪರ್ಫ್‌ಮಾನ್‌ನಲ್ಲಿ ಡಿಸ್ಕ್ ಲೇಟೆನ್ಸಿ ನೋಡುವಾಗ ಸಂಖ್ಯೆ ಸೆಕೆಂಡಿನಲ್ಲಿ ಇರುತ್ತದೆ: 0.020 ಅಂದರೆ 20 ಮಿಲಿಸೆಕೆಂಡ್.

ಇನ್ನೊಂದು: ವಿಎಂಗಳಿಗೆ ರ‍್ಯಾಮ್ ಸಾಲದೆ ಸ್ವಾಪ್ ಆಗುತ್ತಿದೆಯಾ, ಅಂದರೆ ಮೆಮೊರಿಯ ಡೇಟಾ ಡಿಸ್ಕಿಗೆ ಹೋಗುತ್ತಿದೆಯಾ? ಆ ಸ್ವಾಪ್ ಕೂಡ ನಿಮ್ಮ ನ್ಯಾಸ್ ಮೇಲೇ ಬೀಳುತ್ತದೆ ಅಲ್ವಾ. ರ‍್ಯಾಮ್ ತೊಂದರೆ ಡಿಸ್ಕ್ ತೊಂದರೆಯ ವೇಷದಲ್ಲಿ ಬರುತ್ತದೆ.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಹೇಳಿದಂತೆ ಬೆಳಿಗ್ಗೆ ಪೂರ್ತಿ ಬರೆದಿಟ್ಟೆ. 8ರಿಂದ ಸುಮಾರು 9:45ರವರೆಗೆ ರೈಟ್ ಅವೇಟ್ 70 ಮಿಲಿಸೆಕೆಂಡ್, ಆಮೇಲೆ 9 ಮಿಲಿಸೆಕೆಂಡಿಗೆ ಇಳಿಯುತ್ತದೆ. ಹೋಸ್ಟ್‌ನಲ್ಲಿ ಆರ್‌ಟಿಟಿಯೂ ಎಕ್ಸಿಯೂ ಹೆಚ್ಚುಕಡಿಮೆ ಒಂದೇ. ಆ ಹೊತ್ತಲ್ಲಿ ನೆಟ್‌ವರ್ಕ್ 300 ಮೆಗಾಬಿಟ್ ಕೂಡ ದಾಟಿಲ್ಲ. ಎರರ್ ಇಲ್ಲ, ಸ್ವಾಪ್ ಇಲ್ಲ. ಎರಡು ವಿಷಯ ಕಣ್ಣಿಗೆ ಬಿತ್ತು. 8 ಡಿಸ್ಕ್‌ಗಳಲ್ಲಿ ಒಂದರ ಅವೇಟ್ ಉಳಿದವಕ್ಕಿಂತ ಮೂರು ಪಟ್ಟು ಇದೆ. ಮತ್ತೆ ರಾತ್ರಿ ಬ್ಯಾಕಪ್ ಮುಗಿಯುವುದೇ 9:40ಕ್ಕೆ. ಹಳೆಯ ಲಾಗ್ ನೋಡಿದರೆ ಮೊದಲು 5 ಗಂಟೆಗೆ ಮುಗಿಯುತ್ತಿತ್ತು. ಬ್ಯಾಕಪ್ ಹೋಗುವುದು ಅದೇ ನ್ಯಾಸ್‌ನ ಇನ್ನೊಂದು ಫೋಲ್ಡರ್‌ಗೆ.

ಉತ್ತರ 1:

ಸರಿ, ಇದರಲ್ಲಿ ಉತ್ತರ ಹೆಚ್ಚುಕಡಿಮೆ ಬಂದಾಯಿತು. ನೆಟ್‌ವರ್ಕ್ ಮೂರನೇ ಒಂದು ಭಾಗವೂ ತುಂಬಿಲ್ಲ, ಆರ್‌ಟಿಟಿ ಮತ್ತು ನ್ಯಾಸ್‌ನ ಅವೇಟ್ ಒಟ್ಟಿಗೇ ಏರುತ್ತಿವೆ. ಸ್ವಿಚ್ ವಿಷಯ ಇಲ್ಲಿಗೆ ಬಿಡಿ.

ಬ್ಯಾಕಪ್ ಅದೇ ನ್ಯಾಸ್‌ಗೆ ಅಂದರೆ ಅದೇ ಡಿಸ್ಕ್‌ಗಳಿಂದ ಓದಿ, ಅದೇ ಡಿಸ್ಕ್‌ಗಳಿಗೆ ಬರೆಯುವುದು. ಹೆಡ್‌ಗಳು ಆ ಕಡೆ ಈ ಕಡೆ ಓಡಾಡುವುದರಲ್ಲೇ ಹೊತ್ತು ಕಳೆಯುತ್ತದೆ. (ನ್ಯಾಸ್ ಹೋದರೆ ಬ್ಯಾಕಪ್ಪೂ ಹೋಯಿತು ಅನ್ನುವುದು ಬೇರೆ ಮಾತು. ನಿಜ ಹೇಳಬೇಕೆಂದರೆ ಅದೇ ದೊಡ್ಡ ಮಾತು.) ಬೇರೆ ಒಂದು ಪೆಟ್ಟಿಗೆಗೆ ಕಳಿಸಿ. ಬದಲಾದ ಬ್ಲಾಕ್ ಮಾತ್ರ ತೆಗೆಯುವ ಬ್ಯಾಕಪ್ ಹಾಕಿ. ವೇಗಕ್ಕೆ ಮಿತಿ ಕೊಡಿ. 20 ವಿಎಂಗಳನ್ನೂ ಒಂದೇ ನಿಮಿಷಕ್ಕೆ ಶುರು ಮಾಡಬೇಡಿ. ವಿಎಂ ಒಳಗಿನ ಆಂಟಿವೈರಸ್ ಸ್ಕ್ಯಾನ್, ಅಪ್‌ಡೇಟ್ ಇವುಗಳ ಸಮಯವನ್ನೂ ನೋಡಿ. ಒಂದೇ ಟೆಂಪ್ಲೇಟ್‌ನಿಂದ ಹುಟ್ಟಿದ ವಿಎಂಗಳು ಒಂದೇ ಗಳಿಗೆಗೆ ಏಳುತ್ತವೆ. ಹಳೆಯ ಸ್ನ್ಯಾಪ್‌ಶಾಟ್ (ವಿಎಂ ಡಿಸ್ಕ್‌ನ ಹಿಂದಿನ ಸ್ಥಿತಿ ಉಳಿಸಿಟ್ಟದ್ದು) ಸರಪಳಿ ಉಳಿದಿದ್ದರೆ ತೆಗೆಯಿರಿ.

ಆ ಒಂದು ಡಿಸ್ಕ್ ಮಾತ್ರ ಉಪೇಕ್ಷೆ ಮಾಡಬೇಡಿ. ರೇಡ್ 6ನ ರೈಟ್ ಮುಗಿಯಬೇಕಾದರೆ ಅದರಲ್ಲಿ ಪಾಲಿರುವ ಡಿಸ್ಕ್‌ಗಳೆಲ್ಲ ಮುಗಿಸಬೇಕು. ಒಂದು ತಡವಾದರೆ ಇಡೀ ರೈಟ್ ತಡ. ಸ್ಮಾರ್ಟ್‌ಸಿಟಿಎಲ್ (ಡಿಸ್ಕ್‌ನ ಆರೋಗ್ಯ ವರದಿ ತೋರಿಸುವ ಕಮಾಂಡ್) ಹಾಕಿ ಪೆಂಡಿಂಗ್ ಸೆಕ್ಟರ್ (ಓದಲಾಗದೆ ಉಳಿದ ಜಾಗ), ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟದ್ದಕ್ಕೆ ಬದಲಿ ಕೊಟ್ಟ ಜಾಗ) ನೋಡಿ. ಸ್ಮಾರ್ಟ್ ವರದಿಯಲ್ಲಿ "ಪಾಸ್ಡ್" ಅಂತ ಬಂದ ಮಾತ್ರಕ್ಕೆ ಡಿಸ್ಕ್ ಚೆನ್ನಾಗಿದೆ ಅಂತ ನಾನು ನಂಬುವುದಿಲ್ಲ. ಯುಡಿಎಂಎ ಸಿಆರ್‌ಸಿ ಎಣಿಕೆ (ಡಿಸ್ಕ್ ಕೇಬಲ್‌ನಲ್ಲಿ ಕೆಟ್ಟ ಡೇಟಾ) ಏರುತ್ತಿದ್ದರೆ ಡಿಸ್ಕ್ ಬದಲು ಕೇಬಲ್ ಅಥವಾ ಸ್ಲಾಟ್ ಇರಬಹುದು. ಡೆಸ್ಕ್‌ಟಾಪ್ ಡಿಸ್ಕ್ ಆಗಿದ್ದರೆ ಕೆಟ್ಟ ಸೆಕ್ಟರ್ ಓದಲು ತುಂಬಾ ಹೊತ್ತು ಹೆಣಗಾಡುತ್ತದೆ. ರೇಡ್‌ಗೆ ಅಂತ ಮಾಡಿದವು ಸಾಮಾನ್ಯವಾಗಿ 7 ಸೆಕೆಂಡಿನಲ್ಲಿ ಕೈಬಿಟ್ಟು ರೇಡ್‌ಗೆ ಹೇಳಿಬಿಡುತ್ತವೆ. ಹೊಸ ಡಿಸ್ಕ್ ತರುವಾಗ ಎಸ್‌ಎಂಆರ್ (ಟ್ರ್ಯಾಕ್‌ಗಳು ಒಂದರ ಮೇಲೊಂದು ಹಾಯುವ ಬಗೆ) ಅಲ್ಲ, ಸಿಎಂಆರ್ (ಹಾಗೆ ಹಾಯದ ಬಗೆ) ಅಂತ ಖಚಿತ ಮಾಡಿಕೊಳ್ಳಿ. ಎಸ್‌ಎಂಆರ್ ಡಿಸ್ಕ್ ಬಿಡುವಿಲ್ಲದೆ ಬರೆಯಿಸಿದರೆ ಕುಸಿಯುತ್ತದೆ.

ನ್ಯಾಸ್‌ನಲ್ಲಿ ರೇಡ್ ಕಾರ್ಡ್ ಇದ್ದರೆ ಅದರ ಬ್ಯಾಟರಿಯನ್ನೂ ನೋಡಿ. ಬ್ಯಾಟರಿ ಸತ್ತರೆ ಸಾಮಾನ್ಯವಾಗಿ ಕಾರ್ಡ್ ತಾನೇ ರೈಟ್ ಬ್ಯಾಕ್ (ಕ್ಯಾಶ್‌ಗೆ ಬರೆದೊಡನೆ ಮುಗಿಯಿತು ಅನ್ನುವುದು) ನಿಲ್ಲಿಸಿ ರೈಟ್ ಥ್ರೂಗೆ (ಡಿಸ್ಕಿಗೆ ಬಿದ್ದ ಮೇಲೇ ಮುಗಿಯಿತು ಅನ್ನುವುದಕ್ಕೆ) ಹೋಗುತ್ತದೆ. ಡೇಟಾ ಉಳಿಯಲಿ ಅಂತ ಅದು ಮಾಡುವುದು ಸರಿಯೇ. ವೇಗ ಮಾತ್ರ ನೆಲ ಕಚ್ಚುತ್ತದೆ.

ಉತ್ತರ 4:

ಎಸ್‌ಎಸ್‌ಡಿ ಹಾಕುವ ಯೋಚನೆ ಬಂದರೆ ಒಂದು ಎಚ್ಚರಿಕೆ. ವಿದ್ಯುತ್ ಹೋದಾಗ ಡೇಟಾ ಉಳಿಸುವ ಕೆಪಾಸಿಟರ್ ಇಲ್ಲದ ಸಾದಾ ಎಸ್‌ಎಸ್‌ಡಿಗಳು ಎಫ್‌ಸಿಂಕ್ ಬಂದಾಗ ಬೆವರುತ್ತವೆ. ಡಬ್ಬದ ಮೇಲೆ ಲಕ್ಷಗಟ್ಟಲೆ ಐಆಪ್ಸ್ (ಸೆಕೆಂಡಿಗೆ ಐಒ) ಅಂತ ಬರೆದಿರುತ್ತದೆ, ಸಿಂಕ್ ರೈಟ್‌ನಲ್ಲಿ ಕೆಲವು ನೂರಕ್ಕೆ ಇಳಿಯುವುದೂ ಉಂಟು. ನಾವು ಸೆಫ್ (ಹಲವು ಸರ್ವರ್‌ಗಳ ಡಿಸ್ಕ್ ಸೇರಿಸುವ ಸ್ಟೋರೇಜ್ ಸಾಫ್ಟ್‌ವೇರ್) ನಡೆಸುವವರು, 3 ನೋಡ್‌ನ ಕ್ಲಸ್ಟರ್‌ನಲ್ಲಿ ಇದರ ಬಿಸಿ ಚೆನ್ನಾಗಿ ತಟ್ಟಿದೆ. ಅಲ್ಲಿ ಒಂದು ಒಎಸ್‌ಡಿ (ಒಂದು ಡಿಸ್ಕ್ ನೋಡಿಕೊಳ್ಳುವ ಪ್ರೋಗ್ರಾಂ) ನಿಧಾನವಾದರೂ ಅದರಲ್ಲಿ ಪ್ರತಿ ಇರುವ ರೈಟ್‌ಗಳೆಲ್ಲ ಕಾಯುತ್ತವೆ.

ಎನ್‌ಎಫ್‌ಎಸ್ ಎಕ್ಸ್‌ಪೋರ್ಟ್‌ನಲ್ಲಿ (ನ್ಯಾಸ್‌ನ ಹಂಚಿಕೆ ಸೆಟ್ಟಿಂಗ್‌ನಲ್ಲಿ) ಎಸಿಂಕ್ (ಡಿಸ್ಕಿಗೆ ಬೀಳುವ ಮೊದಲೇ ಬರೆದಾಯಿತು ಅನ್ನುವ ಆಯ್ಕೆ) ಹಾಕಿ, ಎಲ್ಲ ಸರಿ ಹೋಗುತ್ತದೆ ಅನ್ನುವವರು ಸಿಗುತ್ತಾರೆ. ವೇಗ ಬರುವುದು ನಿಜ. ಕರೆಂಟ್ ಹೋದ ಗಳಿಗೆಯಲ್ಲಿ ಬರೆದಾಯಿತು ಅಂತ ವಿಎಂಗೆ ಹೇಳಿದ್ದ ಡೇಟಾ ಎಲ್ಲೂ ಇರುವುದಿಲ್ಲ. ಪರೀಕ್ಷೆಗೆ ಅಂತ ಮಾಡಿದ ಬೇರೆ ಶೇರ್‌ನಲ್ಲಿ ಹಾಕಿ, ಸಿಂಕ್‌ನಿಂದ ಎಷ್ಟು ತಡವಾಗುತ್ತಿದೆ ಅಂತ ಅಳೆಯಿರಿ, ಅಷ್ಟೇ.

ಕೇಳಿದವರು:

ಆ ಡಿಸ್ಕ್‌ನಲ್ಲಿ ಪೆಂಡಿಂಗ್ ಸೆಕ್ಟರ್ ಇವೆ. ಹೊಸದು ತರಿಸುತ್ತಿದ್ದೇವೆ. ಇಂದು ರಾತ್ರಿಯಿಂದ ಬ್ಯಾಕಪ್ ಎರಡು ಸರದಿಯಲ್ಲಿ ಓಡುತ್ತದೆ. ಡೇಟಾಬೇಸ್ ಇರುವ ಎರಡು ವಿಎಂಗಳನ್ನು ಮಾತ್ರ ಎಸ್‌ಎಸ್‌ಡಿ ಜೋಡಿಗೆ ಸರಿಸಿದರೆ ಸಾಕೇ?

ಉತ್ತರ 1:

ಅದು ಒಳ್ಳೆಯ ಯೋಚನೆ. ಇಡೀ ನ್ಯಾಸ್ ಬದಲಾಯಿಸುವುದಕ್ಕಿಂತ, ಕೆಪಾಸಿಟರ್ ಇರುವ ಎರಡು ಎಸ್‌ಎಸ್‌ಡಿಗಳನ್ನು ಮಿರರ್ (ಎರಡರಲ್ಲೂ ಒಂದೇ ಡೇಟಾ) ಮಾಡಿ ಹೆಚ್ಚು ರೈಟ್ ಮಾಡುವ ವಿಎಂಗಳನ್ನು ಅಲ್ಲಿಗೆ ಹಾಕುವುದು ಅಗ್ಗ. ಆದರೆ ಡಿಸ್ಕ್ ಬದಲಾಯಿಸಿದ ಮೇಲೆ ಒಂದು ವಾರ ಅಳೆದು ನೋಡಿ, ಆಮೇಲೆ ತೀರ್ಮಾನಿಸಿ. ಇನ್ನೊಂದು ವಿಷಯ: ರೀಬಿಲ್ಡ್ (ಹೊಸ ಡಿಸ್ಕಿಗೆ ಡೇಟಾ ಮತ್ತೆ ತುಂಬುವುದು) ನಡೆಯುವಾಗ ಎಲ್ಲ ಡಿಸ್ಕ್‌ಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತದೆ, ಈಗಿನಕ್ಕಿಂತ ನಿಧಾನ ಆಗುತ್ತದೆ. ರಜೆಯ ಹಿಂದಿನ ಸಂಜೆ ಶುರು ಮಾಡಿ, ಆ ರಾತ್ರಿ ಬ್ಯಾಕಪ್ ಕೆಲಸ ನಿಲ್ಲಿಸಿ. ಅದಕ್ಕೂ ಮೊದಲು ಮುಖ್ಯ ವಿಎಂಗಳ ಒಂದು ಪ್ರತಿ ನ್ಯಾಸ್‌ನಿಂದ ಹೊರಗೆ ಎಲ್ಲಾದರೂ ಇರಲಿ. ಒಂದು ಯುಎಸ್‌ಬಿ ಡಿಸ್ಕ್ ಆದರೂ ಸರಿ.