1830ರ ಅಮೆರಿಕ: ಮಕ್ಕಳು ಮರಿ ಸಮೇತ ಹೊರಟವರು ದೋಣಿ ಹತ್ತಬೇಕಾ, ಕುದುರೆ ಕೋಚ್ ಹತ್ತಬೇಕಾ?

ಶಹಾಪುರದ ಟೀಚರ್:
ಎಂಟನೇ ತರಗತಿ ಮಕ್ಕಳಿಗೆ ನಾಟಕ ಬರೆಯುತ್ತಿದ್ದೇನೆ. 1830ರಲ್ಲಿ ಗಂಡ, ಹೆಂಡತಿ, ಮೂರು ಮಕ್ಕಳು ಮನೆ ಸಾಮಾನು ಕಟ್ಟಿಕೊಂಡು ನ್ಯೂಯಾರ್ಕ್ ರಾಜ್ಯದ ಆಲ್ಬನಿಯಿಂದ ಅದೇ ರಾಜ್ಯದ ಬಫಲೋಗೆ ಹೊರಟಿದ್ದಾರೆ. ಅವರು ಸ್ಟೇಜ್‌ಕೋಚ್‌ನಲ್ಲಿ (ಪ್ರಯಾಣಿಕರ ಕುದುರೆ ಗಾಡಿ) ಹೋಗಲಾ, ಆ ಎರಡು ಊರು ಸೇರಿಸುವ ಎರಿ ಕಾಲುವೆಯ ದೋಣಿಯಲ್ಲಾ? ಇನ್ನೊಂದು. ನಮ್ಮ ಮಕ್ಕಳು ನಾರಾಯಣಪುರ ಎಡದಂಡೆ ಕಾಲುವೆ ನೋಡಿ ಬೆಳೆದವರು. ನೀರು ಇಳಿಜಾರಿಗೆ ತಾನೇ ಹರಿಯೋದು, ದೋಣಿ ಏರು ಹೇಗೆ ಹತ್ತುತ್ತೆ ಅಂತ ಕೇಳುತ್ತಿದ್ದಾರೆ.

ಕಲಬುರಗಿ ಇತಿಹಾಸ:
ಎರಡೂ ಹತ್ತಿಸಿ ಮೇಡಂ. ಆಲ್ಬನಿ ಬಿಟ್ಟ ಕೂಡಲೇ ಲಾಕ್‌ಗಳ (ದೋಣಿ ಏರಿಸಿ ಇಳಿಸುವ ಬಾಗಿಲಿನ ತೊಟ್ಟಿಗಳ) ಸಾಲು, ಸ್ಕೆನೆಕ್ಟಡಿ ಅನ್ನೋ ಊರು ಮುಟ್ಟೋಕೆ ದೋಣಿಗೆ ಒಂದು ದಿನವೇ ಬೇಕಿತ್ತು. ಅದಕ್ಕೇ ಬಹಳ ಜನ ಆ 26 ಕಿ.ಮೀ. ಕೋಚ್‌ನಲ್ಲಿ ಹೋಗಿ ಅಲ್ಲಿಂದ ದೋಣಿ ಹತ್ತುತ್ತಿದ್ದರು. 1831ರಲ್ಲಿ ಅಲ್ಲಿ ರೈಲು ಬಂತು, ನಿಮ್ಮ ಕಥೆ ಸರಿಯಾಗಿ ಅದರ ಹಿಂದಿನ ವರ್ಷದ್ದು. ಸಾಮಾನು ಮಾತ್ರ ಸರಕು ದೋಣಿಯಲ್ಲೇ ಬರಲಿ. ಆಗಿನ ಸ್ಟೇಜ್‌ಕೋಚ್ ಆದ ಕಾನ್ಕಾರ್ಡ್ ಕೋಚ್ ಒಳಗೆ ಮೂರು ಸಾಲಿನಲ್ಲಿ ಒಂಬತ್ತು ಜನ, ನಡುಸಾಲಿನವರ ಬೆನ್ನಿಗೆ ಬರೀ ಒಂದು ತೊಗಲಿನ ಪಟ್ಟಿ. ಗಾಡಿಯೇ ದಪ್ಪ ತೊಗಲಿನ ಪಟ್ಟಿಗಳ ಮೇಲೆ ತೂಗುತ್ತಿತ್ತು, ಕೆಟ್ಟ ರಸ್ತೆಯಲ್ಲಿ ಸಣ್ಣ ಮಕ್ಕಳಿಗೆ ವಾಂತಿ ಬರದೇ ಇರುತ್ತಾ?

ಬೀದರ್ ಸಿವಿಲ್:
ಏರು ಹತ್ತೋದಕ್ಕೇ ಲಾಕ್ ಇರೋದು. ಎರಡೂ ತುದಿಗೆ ಮರದ ಬಾಗಿಲಿರುವ ಕಲ್ಲಿನ ದೊಡ್ಡ ತೊಟ್ಟಿ ಅದು. ದೋಣಿ ಕೆಳಗಿನ ಬಾಗಿಲಿಂದ ಒಳಗೆ ಬರುತ್ತೆ, ಆ ಬಾಗಿಲು ಮುಚ್ಚುತ್ತಾರೆ, ಮೇಲಿನ ಕಾಲುವೆಯ ನೀರು ಒಳಗೆ ಬಿಡುತ್ತಾರೆ. ನೀರು ಏರಿದಂತೆ ದೋಣಿಯೂ ಏರುತ್ತೆ. ಎರಡೂ ಕಡೆ ನೀರು ಸಮ ಆದ ಮೇಲೆ ಮೇಲಿನ ಬಾಗಿಲು ತೆರೆದು ಮುಂದೆ ಹೋಗೋದು, ಅಷ್ಟೇ. ಪಂಪು ಬೇಡ, ಇಂಜಿನ್ ಬೇಡ. ಆಗ 584 ಕಿ.ಮೀ. ಕಾಲುವೆಗೆ 83 ಲಾಕ್, ಆಳ ನಾಲ್ಕೇ ಅಡಿ! ದೋಣಿ ಎಳೆಯೋದು ದಂಡೆ ಮೇಲೆ ನಡೆಯುವ ಕುದುರೆ ಅಥವಾ ಹೇಸರಗತ್ತೆ, ಹಗ್ಗ ಕಟ್ಟಿ. ಗಂಟೆಗೆ ಸುಮಾರು 6 ಕಿ.ಮೀ. ಅಷ್ಟೇ ವೇಗ, ಬೇಜಾರಾದವರು ಇಳಿದು ದಂಡೆ ಮೇಲೆ ನಡೆದು ಮುಂದೆ ಮತ್ತೆ ಹತ್ತುತ್ತಿದ್ದರು.

ಯಾದಗಿರಿ ಓದುಗಿ:
ರಾತ್ರಿ ದೃಶ್ಯ ಬಿಡಬೇಡಿ ಅಕ್ಕಾ. ದೋಣಿಯಲ್ಲಿ ಹಗಲು ಊಟ ಮಾಡಿದ ಕೋಣೆಗೇ ರಾತ್ರಿ ಪರದೆ ಎಳೆದು ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಗೋಡೆಗೆ ಒಂದರ ಮೇಲೊಂದು ಸಿಗಿಸಿದ ಹಲಗೆ ಮೇಲೆ ಮಲಗುತ್ತಿದ್ದರು. ಹಗಲು ಚಾವಣಿ ಮೇಲೆ ಕೂತವರು ತಗ್ಗು ಸೇತುವೆ ಬಂದಾಗ ತಲೆ ತಗ್ಗಿಸಬೇಕು, ಕೆಲವು ಕಡೆ ಪೂರ್ತಿ ಮಲಗಲೇಬೇಕು. ಮಕ್ಕಳಿಗೆ ಇದು ಖುಷಿ ಕೊಡುತ್ತೆ. ಚಳಿಗಾಲದಲ್ಲಿ ಮಾತ್ರ ಕಥೆ ಇಡಬೇಡಿ, ಆಗ ಕಾಲುವೆ ಬಂದ್.

ಶಹಾಪುರದ ಟೀಚರ್:
ಎಲ್ಲರಿಗೂ ಥ್ಯಾಂಕ್ಸ್. ಜೂನ್‌ನಲ್ಲೇ ಹೊರಡಿಸುತ್ತೇನೆ. ಲಾಕ್ ಬಾಗಿಲಿಗೆ ನಾಲ್ಕು ಮಕ್ಕಳನ್ನು ನಿಲ್ಲಿಸಿ, ನೀಲಿ ಸೀರೆಯನ್ನು ನಿಧಾನಕ್ಕೆ ಮೇಲೆತ್ತಿದರೆ ನೀರು ಏರಿದ ಹಾಗೆ ಕಾಣುತ್ತೆ ಅಲ್ವಾ?