ಪದಚರ್ಚೆ: ಟ್ಯಾಪೆಟ್ಟಿಗೆ ‘ಸಂದು’, ಸ್ಟೀರಿಂಗಿಗೆ ‘ಆಟ’, ಬೆಲ್ಟಿಗೆ ಏನು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಹಳೇ ಕಾರುಗಳನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ತಯಾರಾಗುತ್ತಿದೆ. ಗಾಡಿಗಳು ಎರಡು. ಒಂದು 1489 ಸಿಸಿ ಪೆಟ್ರೋಲ್ ಇಂಜಿನ್ನಿನ ಅಂಬಾಸಿಡರ್ ಮಾರ್ಕ್ 4, ಇನ್ನೊಂದು 1089 ಸಿಸಿಯ ಪ್ರೀಮಿಯರ್ ಪದ್ಮಿನಿ. ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಮೊದಲನೆಯದರ ಮೂಲ ಮೋರಿಸ್ ಆಕ್ಸ್‌ಫರ್ಡ್, ಮುಂಬೈನ ಕುರ್ಲಾದಲ್ಲಿ ತಯಾರಾದ ಎರಡನೆಯದರ ಮೂಲ ಫಿಯಟ್ 1100.

ಭಾಗಗಳ ಹೆಸರಿನ ಬಗ್ಗೆ ತಕರಾರಿಲ್ಲ. ಪಿಸ್ಟನ್ ಪಿಸ್ಟನ್ನೇ, ಗ್ಯಾಸ್ಕೆಟ್ ಗ್ಯಾಸ್ಕೆಟ್ಟೇ. ತೊಡಕು ಇರುವುದು ಸ್ಥಿತಿ ಹೇಳುವ ಪದದಲ್ಲಿ. ಕರಡಿನ ಈ ಐದು ವಾಕ್ಯ ನೋಡಿ:

“ಟ್ಯಾಪೆಟ್ ಲೂಸ್ ಆಗಿದೆ.” “ಸ್ಟೀರಿಂಗ್ ಲೂಸ್ ಇದೆ.” “ಫ್ಯಾನ್ ಬೆಲ್ಟ್ ಲೂಸ್.” “ವೀಲ್ ನಟ್ ಲೂಸ್.” “ಕ್ಲಚ್ ಪೆಡಲ್ ಒಂದಿಂಚು ಲೂಸ್ ಇರಲೇಬೇಕು.”

ಐದಕ್ಕೂ ‘ಸಡಿಲ’ ಎಂದು ಬರೆದರೆ ಸಾಕೇ? ಅಥವಾ ಸಂದು, ಅಂತರ, ತೆರಪು, ಆಟ ಎಂದು ಬೇರೆ ಬೇರೆ ಮಾಡಬೇಕೇ? ‘ಆಟ’ ಇಂಗ್ಲಿಷಿನ ‘ಪ್ಲೇ’ಯನ್ನು ಹಾಗೇ ಎತ್ತಿ ಇಟ್ಟಂತಿದೆ ಎಂಬ ಆಕ್ಷೇಪವೂ ಬಂದಿದೆ. ಬಲ್ಲವರು ತಿಳಿಸಿ.

ಉತ್ತರ 1

ಐದಕ್ಕೂ ಒಂದೇ ಪದ ಹಾಕಿದರೆ ಇಂಜಿನ್ ಕೆಡುತ್ತೆ ಸರ್. ‘ಸಡಿಲ’ ಅಂತ ಓದಿದವನ ಕೈ ಮೊದಲು ಹೋಗೋದು ಸ್ಪ್ಯಾನರ್ ಕಡೆಗೆ. ಸಡಿಲ ಇದ್ರೆ ಬಿಗಿ ಮಾಡ್ಬೇಕು, ಅಷ್ಟೇ ತಾನೇ? ವೀಲ್ ನಟ್ಟಿಗೆ ಅದು ಸರಿ. ಟ್ಯಾಪೆಟ್ಟಿಗೆ, ಅಂದ್ರೆ ವಾಲ್ವ್ ತಲೆಗೂ ಅದನ್ನ ಒತ್ತೋ ರಾಕರಿಗೂ ನಡುವಿನ ಜಾಗಕ್ಕೆ, ಹಾಗೆ ಮಾಡಿದ್ರೆ ಟಕಟಕ ಸದ್ದು ನಿಲ್ಲುತ್ತೆ, ಓನರ್ ಖುಷಿಯಾಗ್ತಾರೆ, ಸ್ವಲ್ಪ ದಿನಕ್ಕೆ ಎಕ್ಸಾಸ್ಟ್ ವಾಲ್ವ್ ಸುಟ್ಟಿರುತ್ತೆ. ವಾಲ್ವ್ ತನ್ನ ಬಿಸಿಯನ್ನ ಬಿಟ್ಟುಕೊಡೋದು ಹೆಚ್ಚಾಗಿ ಸೀಟಿನ ಮೇಲೆ ಪೂರ್ತಿ ಕೂತಾಗ. ಸಂದಿಲ್ಲದಿದ್ರೆ ಅದು ಪೂರ್ತಿ ಕೂರಲ್ಲ, ಉರಿಯೋ ಗ್ಯಾಸ್ ಅಂಚಿನಲ್ಲೇ ನುಗ್ಗುತ್ತೆ. ಅದಕ್ಕೇ ನಾವು ಹೇಳೋದು, ಸದ್ದು ಮಾಡೋ ಟ್ಯಾಪೆಟ್ಟಿಗಿಂತ ಸದ್ದೇ ಇಲ್ಲದ ಟ್ಯಾಪೆಟ್ ಅಪಾಯ ಅಂತ.

ಹಾಗಾಗಿ ಅಲ್ಲಿ ‘ಸಂದು’ ಅಂತಲೇ ಬರೀರಿ, ಜೊತೆಗೆ ಅಳತೆ ಕೊಡಿ. ಅಂಬಾಸಿಡರಿನ 1489 ಇಂಜಿನ್ನಿಗೆ 15 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಪಾಲು), ಅಂದ್ರೆ 0.38 ಮಿ.ಮೀ. ಬಿಸಿಯಲ್ಲಿ ನೋಡ್ಬೇಕೋ ತಣ್ಣಗಿದ್ದಾಗಲೋ ಅನ್ನೋದನ್ನ ಮ್ಯಾನುಯಲ್ ಹೇಳಿದ ಹಾಗೇ ಮಾಡಿ. ಪದ್ಮಿನಿಗೆ ಅದರದೇ ಮ್ಯಾನುಯಲ್ ಅಂಕಿ. ಈ 15 ಥೌ ಅಲ್ಲಿಗೆ ತಗೊಂಡು ಹೋಗ್ಬೇಡಿ.

ಮಾಡೋ ಕ್ರಮ: ನಾಲ್ಕೂ ಪ್ಲಗ್ ಬಿಚ್ಚಿದ್ರೆ ಇಂಜಿನ್ ಹಗುರಾಗಿ ತಿರುಗುತ್ತೆ. ಗೇರ್ ನ್ಯೂಟ್ರಲ್‌ಗೆ ಹಾಕಿ ಹ್ಯಾಂಡಲ್‌ನಿಂದ ತಿರುಗಿಸಿ, ಹ್ಯಾಂಡಲ್ ಇಲ್ಲದಿದ್ರೆ ಟಾಪ್ ಗೇರಲ್ಲಿ ಗಾಡಿಯನ್ನೇ ಮೆಲ್ಲಗೆ ತಳ್ಳಿ. ಇಲ್ಲಿ ಒಂಬತ್ತರ ಲೆಕ್ಕ ನಡೆಯುತ್ತೆ. ಮುಂದಿನಿಂದ ಎಣಿಸಿ 8ನೇ ವಾಲ್ವ್ ಪೂರ್ತಿ ಕೆಳಗೆ ಇಳಿದಾಗ 1ನೇದರ ಸಂದು ನೋಡಿ. 6 ಇಳಿದಾಗ 3, 4 ಇಳಿದಾಗ 5, 7 ಇಳಿದಾಗ 2. ಆಮೇಲೆ 1ಕ್ಕೆ 8, 3ಕ್ಕೆ 6, 5ಕ್ಕೆ 4, 2ಕ್ಕೆ 7. ಎರಡೂ ಕೂಡಿದ್ರೆ ಯಾವಾಗಲೂ 9. ಲಾಕ್ ನಟ್ ಸಡಿಲಿಸಿ (ಇಲ್ಲಿ ‘ಸಡಿಲಿಸಿ’ ಸರಿ!), ಸ್ಕ್ರೂಡ್ರೈವರಿನಲ್ಲಿ ಸ್ಕ್ರೂ ತಿರುಗಿಸಿ, ಫೀಲರ್ ಬ್ಲೇಡ್ (ಸಂದು ಅಳೆಯೋ ತೆಳು ಪಟ್ಟಿ) ಸ್ವಲ್ಪ ಹಿಡಿದ ಹಾಗೆ ಜಾರಬೇಕು. ಲಾಕ್ ನಟ್ ಬಿಗಿಯೋವಾಗ ಸ್ಕ್ರೂನೂ ಜೊತೆಗೆ ತಿರುಗಿ ಸಂದು ಕಮ್ಮಿ ಆಗುತ್ತೆ. ಸ್ಕ್ರೂಡ್ರೈವರ್ ಒತ್ತಿ ಹಿಡ್ಕೊಂಡೇ ಬಿಗೀರಿ, ಬಿಗಿದ ಮೇಲೆ ಮತ್ತೆ ಬ್ಲೇಡ್ ಹಾಕಿ ನೋಡಿ.

ಎಲ್ಲಾ ಸರಿಯಾಗಿ ಮಾಡಿದ್ರೂ ಸದ್ದು ಹೋಗದಿದ್ರೆ ರಾಕರಿನ ತುದಿ ನೋಡಿ. ವಾಲ್ವ್ ತಲೆ ಬಡಿದು ಬಡಿದು ಅಲ್ಲೊಂದು ಗುಳಿ ಬಿದ್ದಿರುತ್ತೆ. ಬ್ಲೇಡ್ ಆ ಗುಳಿಯ ಅಂಚಿನ ಮೇಲೆ ಕೂರುತ್ತೆ, ತಳ ಮುಟ್ಟಲ್ಲ. ನಮ್ಮ ಬ್ಲೇಡ್ 15 ಅಂತ ಹೇಳ್ತಿದ್ರೂ ನಿಜವಾದ ಸಂದು ಅದಕ್ಕಿಂತ ಜಾಸ್ತಿ. ರಾಕರ್ ಕವರಿನ ಕಾರ್ಕ್ ಗ್ಯಾಸ್ಕೆಟ್ ಗಟ್ಟಿಯಾಗಿದ್ರೆ ಹೊಸದು ಹಾಕಿ. ಹಳೇದನ್ನೇ ಹಾಕಿ ನಟ್ ಎಷ್ಟು ಬಿಗಿದ್ರೂ ಆಯಿಲ್ ನಿಲ್ಲಲ್ಲ, ತಗಡಿನ ಕವರ್ ಸೊಟ್ಟ ಆಗುತ್ತೆ ಅಷ್ಟೆ.

ಉತ್ತರ 2

‘ಆಟ’ದ ಬಗ್ಗೆ. ಇದು ಎರವಲು ಅಲ್ಲ. ‘ಆಡು’ ಎಂಬ ಧಾತುವಿಗೆ ಕನ್ನಡದಲ್ಲಿ ಅಲುಗು, ಚಲಿಸು ಎಂಬ ಅರ್ಥ ಮೊದಲಿನಿಂದಲೇ ಇದೆ. ಗಾಳಿಯಾಡುತ್ತದೆ, ಉಸಿರಾಡುತ್ತದೆ, ಪಾತ್ರೆಯಲ್ಲಿ ಕೈಯಾಡಿಸುತ್ತೇವೆ, ಹಲ್ಲು ಅಲ್ಲಾಡುತ್ತದೆ. ಇವುಗಳಲ್ಲಿ ಯಾವುದೂ ಇಂಗ್ಲಿಷಿನಿಂದ ಬಂದದ್ದಲ್ಲ. ಹಾಗಾಗಿ ‘ಸ್ಟೀರಿಂಗಿನಲ್ಲಿ ಆಟವಿದೆ’ ಎನ್ನಲು ಅಡ್ಡಿಯಿಲ್ಲ. ‘ಚಕ್ರ ಆಡುತ್ತಿದೆ’ ಎಂದು ಕ್ರಿಯಾಪದವಾಗಿಯೇ ಬಳಸಿದರೆ ಇನ್ನೂ ಸಹಜ.

ನನ್ನ ಅನುಮಾನ ಇರುವುದು ‘ಸಂದು’ವಿನ ಮೇಲೆ. ಸಂದು ಎಂದರೆ ಎಡೆಯೂ ಹೌದು, ಎರಡು ಸೇರುವ ಕೀಲೂ ಹೌದು. ಸಂದುನೋವು ಎಂದಾಗ ನೋಯುವುದು ಕೀಲು. ‘ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕಡ್ಡಿ) ಸಂದು ಪರೀಕ್ಷಿಸಿ’ ಎಂದರೆ ಓದುಗ ಯಾವುದನ್ನು ನೋಡಬೇಕು? ಕೈಪಿಡಿಯಲ್ಲಿ ‘ಸಂದು’ ಎಡೆಗೆ ಮಾತ್ರ ಮೀಸಲಾಗಿರಲಿ, ಜಾಯಿಂಟಿಗೆ ಜಾಯಿಂಟ್ ಎಂದೇ ಬರೆಯಿರಿ. ‘ಅಂತರ’ ಎಂದರೆ ತೆಂಗಿನ ಸಾಲಿನಿಂದ ಸಾಲಿಗಿರುವ ದೂರ ನೆನಪಾಗುತ್ತದೆ, 0.38 ಮಿ.ಮೀ.ಗೆ ಅದು ದೊಡ್ಡದಾಯಿತು. ‘ತೆರಪು’ ಚೆಂದದ ಪದ, ಆದರೆ ಗ್ಯಾರೇಜಿನಲ್ಲಿ ಯಾರ ಬಾಯಲ್ಲೂ ಇಲ್ಲ.

ಉತ್ತರ 3

ಧಾರವಾಡ ಕಡೆಯ ಮಾತು ಒಂದು ಸೇರಿಸತೇನಿ. ಬೆಲ್ಟಿಗೆ ‘ಅಳ್ಳಕ’ ಅನ್ರಿ. ಅಂಗಿ ಅಳ್ಳಕ ಆಗೇದ, ಹಗ್ಗ ಅಳ್ಳಕ ಬಿಡು ಅಂತೀವಲ್ಲ, ಅದೇ ಪದ. ಬಿಗಿದದ್ದು ಬಿಟ್ಟುಕೊಂಡರ ಸಡಿಲ. ಎಳದು ಕಟ್ಟಿದ್ದು ಜೋತರ ಅಳ್ಳಕ. ನಟ್ಟು ಸಡಿಲ ಆಗತದ, ಬೆಲ್ಟು ಅಳ್ಳಕ ಆಗತದ.

ಉದ್ದನೆ ಹರವಿನ ನಡುವ ಹೆಬ್ಬೆರಳಿನಿಂದ ಒತ್ತಿದರ ಅರ್ಧ ಇಂಚು, ಅಂದರ 12-13 ಮಿ.ಮೀ. ತಗ್ಗಬೇಕು. ಅದಕ್ಕಿಂತ ಅಳ್ಳಕ ಇದ್ದರ ಬ್ಯಾಟರಿ ಚಾರ್ಜ್ ಮಾಡೋ ಡೈನಮೋ ಸರಿಯಾಗಿ ತಿರಗಂಗಿಲ್ಲ, ಕೆಂಪು ದೀಪ ಮಿಣಮಿಣ ಅಂತದ, ಇಂಜಿನ್ನೂ ಕಾಯತದ. ಭಾಳ ಬಿಗಿದರ ವಾಟರ್ ಪಂಪಿನ ಬೇರಿಂಗ್ ಹೋಗತದ, ಡೈನಮೋದ್ದೂ ಹೋಗತದ. ಡೈನಮೋ ಬೋಲ್ಟು ಸಡಿಲ ಮಾಡಿ ಬೆಲ್ಟಿನ ಅಳ್ಳಕ ತಗೀರಿ ಅಂತ ಬರದರ ಎರಡೂ ಪದ ಒಂದೇ ವಾಕ್ಯದಾಗ ತಮ್ಮ ತಮ್ಮ ಜಾಗಾದಾಗ ಕೂಡತಾವ.

ಉತ್ತರ 4

ಸಂದು, ಆಟ, ಸಡಿಲ, ಅಳ್ಳಕ ಎಂಬ ವಿಂಗಡಣೆ ಒಪ್ಪಿಗೆ. ಆದರೆ ‘ಆಟ ಎಂದರೆ ಸವೆತ’ ಎಂಬ ಅರ್ಥ ಬರುವಂತೆ ಎಲ್ಲೂ ಬರೆಯಬೇಡಿ. ಐದನೆಯ ವಾಕ್ಯವೇ ಅದಕ್ಕೆ ವಿರುದ್ಧ.

ಕ್ಲಚ್ ಪೆಡಲ್ ತುದಿಯಲ್ಲಿ ಸುಮಾರು ಒಂದಿಂಚು ಬರಿದೇ ಹೋಗಬೇಕು, ಆಮೇಲೆ ಭಾರ ಸಿಗಬೇಕು. ಇದು ಬೇಕೆಂದೇ ಬಿಟ್ಟ ಆಟ. ಇಲ್ಲದಿದ್ದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ಇರುತ್ತದೆ. ಅಂಬಾಸಿಡರಿನ ಹಳೆಯ ಗ್ರಾಫೈಟ್ ಬೇರಿಂಗ್ ಇದ್ದರಂತೂ ಬೇಗ ತೇದುಹೋಗುತ್ತದೆ, ಪ್ಲೇಟ್ ಪೂರ್ತಿ ಹಿಡಿಯದೆ ಜಾರುತ್ತದೆ. ಅತಿಯಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ರಿವರ್ಸ್ ಹಾಕುವಾಗ ಗರ್ರ್ ಎನ್ನುತ್ತದೆ. ಗಮನಿಸಬೇಕಾದ್ದು ಇನ್ನೊಂದಿದೆ. ರಾಡ್ ಅಥವಾ ಕೇಬಲ್ಲಿನಿಂದ ನಡೆಯುವ ಕ್ಲಚ್ಚಿನಲ್ಲಿ ಪ್ಲೇಟ್ ಸವೆದಷ್ಟೂ ಪೆಡಲ್ಲಿನ ಆಟ ಕಡಿಮೆಯಾಗುತ್ತದೆ, ಹೆಚ್ಚುವುದಿಲ್ಲ. ಬ್ರೇಕ್ ಶೂನಲ್ಲಿ ಇದು ತಿರುಗುಮುರುಗು: ಲೈನಿಂಗ್ ಸವೆದಷ್ಟೂ ಶೂಗೂ ಡ್ರಮ್ಮಿಗೂ ನಡುವಿನ ಸಂದು ಹೆಚ್ಚು.

ಸಂದು ಮತ್ತು ಆಟ ಬೆರೆತುಹೋಗುವ ಜಾಗ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿದು ಕೂಡಿಸುವ ಸ್ವಿಚ್) ಸಂದು 15 ಥೌ ಎಂದು ಕೊಡುತ್ತೇವೆ. ಪಾಯಿಂಟಿನ ಹಿಮ್ಮಡಿ (ಕ್ಯಾಮಿಗೆ ತಾಗುವ ತುಂಡು) ಕ್ಯಾಮಿನ ಮೂಲೆಯ ಮೇಲೆ ಸರಿಯಾಗಿ ನಿಂತಾಗ ಅಳೆಯಬೇಕು. ಆದರೆ ಶಾಫ್ಟಿನ ಬುಷ್ ಸವೆದಿದ್ದರೆ ಶಾಫ್ಟೇ ಆಡುತ್ತದೆ. ಒಂದು ಮೂಲೆಯಲ್ಲಿ 15, ಇನ್ನೊಂದರಲ್ಲಿ 11, ಬೆರಳಿನಿಂದ ತಳ್ಳಿದರೆ 18. ಆಟ ಇರುವ ಕಡೆ ಸಂದು ನಿಲ್ಲುವುದಿಲ್ಲ. ಐಡ್ಲಿಂಗ್ ಏರಿಳಿಯುತ್ತದೆ, ಜನ ಕಾರ್ಬುರೇಟರ್ ಬಿಚ್ಚುತ್ತಾರೆ. ಮೊದಲು ರೋಟರ್ ತೆಗೆದು ಶಾಫ್ಟನ್ನು ಪಕ್ಕಕ್ಕೆ ಅಲುಗಿಸಿ ನೋಡಿ. ಬುಷ್ ಗಟ್ಟಿಯಿದ್ದೂ ಸಂದು ದಿನೇ ದಿನೇ ಕಿರಿದಾದರೆ ಸವೆಯುತ್ತಿರುವುದು ಹಿಮ್ಮಡಿ. ಅಲ್ಲಿಗೆ ಒಂದು ಚೂರು ಗ್ರೀಸ್ ಬೇಕು, ಮೆತ್ತಿದರೆ ಪಾಯಿಂಟಿನ ಮುಖಕ್ಕೆ ಸಿಡಿದು ಕಿಡಿ ಸಾಯುತ್ತದೆ. ಸಂದು ಕಿರಿದಾದಂತೆ ಟೈಮಿಂಗೂ ಹಿಂದೆ ಬೀಳುತ್ತದೆ, ಗಾಡಿ ಏರಿನಲ್ಲಿ ಉಸ್ಸಪ್ಪ ಎನ್ನುತ್ತದೆ.

ಮುಂದಿನ ಚಕ್ರಕ್ಕೆ ‘ಆಟ’ ಎಂದಷ್ಟೇ ಬರೆದು ಬಿಡಬೇಡಿ, ಯಾವುದರ ಆಟ ಎಂದೂ ಬರೆಯಿರಿ. ಚಕ್ರವನ್ನು ಜಾಕಿನಲ್ಲಿ ಎತ್ತಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಗಡಿಯಾರದ 12 ಮತ್ತು 6ರ ಜಾಗ ಹಿಡಿದು ಒಳಗೂ ಹೊರಗೂ ಅಲ್ಲಾಡಿಸಿ. ಆಡಿದರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಆಗ ಆಟ ನಿಂತರೆ ಅದು ವೀಲ್ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ನಿನದು (ತಿರುವಿನಲ್ಲಿ ಮುಂದಿನ ಚಕ್ರ ಹೊರಳುವ ಪಿನ್), ಅಲ್ಲಿ ಬಿಗಿಯಲು ಏನೂ ಇಲ್ಲ, ಪಿನ್ ಮತ್ತು ಬುಷ್ ಎರಡನ್ನೂ ಬದಲಿಸಿ ಬುಷ್ಷನ್ನು ರೀಮರ್‌ನಲ್ಲಿ ಅಳತೆಗೆ ತರಬೇಕು. ಆ ಗತಿ ಬಾರದಿರಲು ಕಿಂಗ್ ಪಿನ್ನಿನ ನಿಪ್ಪಲ್ಲುಗಳಿಗೆ ಚಕ್ರ ಎತ್ತಿದ ಸ್ಥಿತಿಯಲ್ಲೇ ಗ್ರೀಸ್ ಹೊಡೆಯಿರಿ. ಭಾರ ಕೂತಿದ್ದರೆ ಒತ್ತಡ ಬೀಳುವ ಬದಿಗೆ ಗ್ರೀಸ್ ಹೋಗುವುದೇ ಇಲ್ಲ. ಇನ್ನು 9 ಮತ್ತು 3ರ ಜಾಗ ಹಿಡಿದಾಗ ಆಡಿದರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್. ಅಂಬಾಸಿಡರಿನದು ರ‍್ಯಾಕ್ ಅಂಡ್ ಪಿನಿಯನ್, ಪದ್ಮಿನಿಯದು ಸ್ಟೀರಿಂಗ್ ಬಾಕ್ಸ್. ಬಾಕ್ಸಿನ ಹಲ್ಲು ಹೆಚ್ಚು ಸವೆಯುವುದು ನೇರ ಓಡಿಸುವ ನಡುಭಾಗದಲ್ಲಿ. ಅಲ್ಲಿನ ಆಟ ಪೂರ್ತಿ ಹೋಗುವಷ್ಟು ಸ್ಕ್ರೂ ಬಿಗಿದರೆ ತಿರುವಿನಲ್ಲಿ ಸ್ಟೀರಿಂಗ್ ಹಿಡಿದುಕೊಳ್ಳುತ್ತದೆ, ತಾನಾಗಿ ನೇರಕ್ಕೆ ಬರುವುದಿಲ್ಲ. ಸ್ವಲ್ಪ ಆಟ ಉಳಿಸುವುದೇ ಕ್ಷೇಮ.

ಮರುಪ್ರಶ್ನೆ

ತುಂಬಾ ಉಪಕಾರವಾಯಿತು. ವಾಕ್ಯಗಳು ಈಗ ಹೀಗಿವೆ: “ಟ್ಯಾಪೆಟ್ ಸಂದು ಹೆಚ್ಚಾಗಿದೆ.” “ಸ್ಟೀರಿಂಗ್ ಆಡುತ್ತಿದೆ.” “ಫ್ಯಾನ್ ಬೆಲ್ಟ್ ಅಳ್ಳಕವಾಗಿದೆ.” “ವೀಲ್ ನಟ್ ಸಡಿಲವಾಗಿದೆ.” “ಕ್ಲಚ್ ಪೆಡಲ್ಲಿಗೆ ಒಂದಿಂಚು ಆಟ ಇರಲೇಬೇಕು.”

ಇನ್ನೆರಡು ಉಳಿದಿವೆ. ಬ್ರೇಕ್ ಪೆಡಲ್ ಬಗ್ಗೆ ಕರಡಿನಲ್ಲಿ ‘ಬ್ರೇಕ್ ಲೂಸ್’ ಎಂದಿದೆ, ಇದನ್ನು ಏನೆನ್ನಬೇಕು? ಮತ್ತೆ ಸ್ಪ್ಯಾನರ್ ನಟ್ಟಿಗೆ ಸರಿಯಾಗಿ ಕೂರದಿದ್ದರೆ ಅದು ಸಂದೋ, ಆಟವೋ?

ಉತ್ತರ 1ರವರಿಂದ

ಬ್ರೇಕಿಗೆ ಎರಡು ಪದ ಬೇಕು ಸರ್, ಯಾಕಂದ್ರೆ ಕಾಯಿಲೆ ಎರಡು. ಪೆಡಲ್ ‘ಕೆಳಗೆ ಹೋಗುತ್ತೆ’ ಅಂದ್ರೆ ಒಂದು, ‘ಮೆತ್ತಗಿದೆ’ ಅಂದ್ರೆ ಇನ್ನೊಂದು. ಕೆಳಗೆ ಹೋಗಿ, ಎರಡು ಸಲ ಪಂಪ್ ಮಾಡಿದಾಗ ಮೇಲೆ ಬಂದು ಗಟ್ಟಿಯಾದ್ರೆ ಶೂ ಸಂದು ಜಾಸ್ತಿ ಆಗಿದೆ. ಅಡ್ಜಸ್ಟರನ್ನ ಚಕ್ರ ಕಚ್ಚಿ ನಿಲ್ಲೋ ತನಕ ತಿರುಗಿಸಿ, ಆಮೇಲೆ ಚಕ್ರ ಸರಾಗವಾಗಿ ತಿರುಗೋಷ್ಟು ಮಾತ್ರ ಹಿಂದಕ್ಕೆ ಬಿಡಿ. ಅಂಬಾಸಿಡರಿನ ಮುಂದಿನ ಚಕ್ರದಲ್ಲಿ ಒಂದೊಂದು ಶೂಗೆ ಒಂದೊಂದು ಅಡ್ಜಸ್ಟರ್, ಒಂದನ್ನ ಮರೆತರೆ ಗಾಡಿ ಪಕ್ಕಕ್ಕೆ ಎಳೆಯುತ್ತೆ.

ಪೆಡಲ್ ಮೆತ್ತಗಿದ್ರೆ ಲೈನಲ್ಲಿ ಗಾಳಿ ಸೇರಿದೆ, ಗಾಳಿ ತೆಗೀಬೇಕು. ಮಾಸ್ಟರ್ ಸಿಲಿಂಡರಿನಿಂದ ದೂರ ಇರೋ ಹಿಂದಿನ ಎಡ ಚಕ್ರದಿಂದ ಶುರು ಮಾಡಿ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಚಕ್ರದ ಹಿಂದಿರೋ ಗಾಳಿ ತೆಗೆಯೋ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಹಾಕಿ, ಅದರ ತುದಿ ಬಾಟಲಿಯ ಫ್ಲೂಯಿಡಿನಲ್ಲಿ ಮುಳುಗಿರ್ಲಿ. ಒಬ್ಬರು ಪೆಡಲ್ ಒತ್ತಿ ಹಿಡೀಬೇಕು, ಇನ್ನೊಬ್ಬರು ನಿಪ್ಪಲ್ ಬಿಡಬೇಕು. ನಿಪ್ಪಲ್ ಮುಚ್ಚಿದ ಮೇಲೇ ಪೆಡಲಿಂದ ಕಾಲು ತೆಗೀಬೇಕು, ಇಲ್ಲದಿದ್ರೆ ಹೋದ ಗಾಳಿ ವಾಪಸ್ ಬರುತ್ತೆ. ಮಾಸ್ಟರ್ ಸಿಲಿಂಡರಿನ ಫ್ಲೂಯಿಡ್ ಡಬ್ಬಿ ಬರಿದಾಗೋಕೆ ಬಿಡಬೇಡಿ. ಡಾಟ್ 3 ಫ್ಲೂಯಿಡ್ ಬಿಟ್ಟು ಬೇರೆ ಎಣ್ಣೆ ಹಾಕಿದ್ರೆ ರಬ್ಬರ್ ಕಪ್ ಊದಿಕೊಂಡು ಬ್ರೇಕ್ ಹಿಡಿದೇ ಇರುತ್ತೆ. ಪೇಂಟಿನ ಮೇಲೆ ಬಿದ್ರೆ ತಕ್ಷಣ ನೀರು ಹಾಕಿ ತೊಳೀರಿ.

ಸ್ಪ್ಯಾನರಿಗೆ ನಾವು ‘ಕೂರಲ್ಲ’ ಅಂತೀವಿ, ಅಷ್ಟೇ ಸಾಕು. ಆದ್ರೆ ಕೈಪಿಡಿಯ ಮೊದಲ ಪುಟದಲ್ಲೇ ಒಂದು ಮಾತು ಹಾಕಿ: ಪದ್ಮಿನಿಗೆ ಎಂಎಂ ಸೆಟ್, 1489 ಇಂಜಿನ್ನಿನ ಅಂಬಾಸಿಡರಿಗೆ ಇಂಚ್ ಸೆಟ್. ಅರ್ಧ ಇಂಚು ಅಂದ್ರೆ 12.7 ಮಿ.ಮೀ. 13ರ ಸ್ಪ್ಯಾನರ್ ಅದಕ್ಕೆ ಕೂತ ಹಾಗೆ ಅನ್ಸುತ್ತೆ, ತುಕ್ಕು ಹಿಡಿದ ನಟ್ಟಿಗೆ ಜೋರು ಹಾಕಿದ ಕ್ಷಣ ಜಾರಿ ಮೂಲೆಗಳನ್ನ ಉರುಟು ಮಾಡುತ್ತೆ. 7/16 ಇಂಚಿನ ನಟ್ಟಿಗೆ 11 ಹೋಗಲ್ಲ, 12 ಹಾಕಿದ್ರೆ ಅದೇ ಕಥೆ. ಒಂದೇ ಮನೆಯಲ್ಲಿ ಎರಡೂ ಗಾಡಿ ಇದ್ರೆ ಎರಡೂ ಸೆಟ್ಟನ್ನ ಬೇರೆ ಬೇರೆ ಡಬ್ಬದಲ್ಲಿ ಇಡಿ, ಡಬ್ಬದ ಮೇಲೆ ಗಾಡಿ ಹೆಸರು ಬರೀರಿ.